ಜೆಕಿಲ್ ಡಾಕ್ಟರ ಹಿತ್ತಿಲ ಬಾಗಿಲು

ನಾನು ಚಿಕ್ಕವನಿದ್ದಾಗ ನಮ್ಮ ಕೇರಿಯಲ್ಲಿ ಒಬ್ಬರಿದ್ದರು. ಹಗಲು ಹೊತ್ತು ಅವರಷ್ಟು ಮೆದು ಮನುಷ್ಯ ಊರಲ್ಲೇ ಇರಲಿಲ್ಲ. ನಮ್ಮ ಬುಗುರಿಗೆ ಮೊಳೆ ಹೊಡೆದುಕೊಡೋರು, ಯಾರ ಮನೆಯ ದನ ಕಾಯಿಲೆ ಬಿದ್ದರೂ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕೂತಿರೋರು. ವಾರಕ್ಕೆ ಒಂದೆರಡು ಸಲ, ಕತ್ತಲಾದ ಮೇಲೆ, ಅವರ ಮನೆಯಿಂದ ಅವರ ಹೆಂಡತಿ ಕಿರುಚೋದು ಕೇಳಿಸೋದು. ಬೆಳಗ್ಗೆ ನಲ್ಲಿ ಹತ್ತಿರ ಆ ಅಕ್ಕ ಮುಖಕ್ಕೆ ಸೆರಗು ಎಳೆದುಕೊಂಡು ಕೊಡಪಾನ ಹಿಡಿದು ನಿಂತಿರೋರು. ಸುತ್ತಲಿನ ಹೆಂಗಸರು ಹೇಳುತ್ತಿದ್ದ ಸಮಾಧಾನ ಯಾವಾಗಲೂ ಒಂದೇ: "ಅವ್ನು ಒಳ್ಳೇವ್ನೇ ಕಣವ್ವ. ಕುಡಿದಾಗ ಅವ್ನು ಅವ್ನಲ್ಲ."

ಕುಡಿದಾಗ ಅವರು ಅವರಲ್ಲದಿದ್ದರೆ ಇನ್ಯಾರು? ಆಗ ನನಗೆ ಈ ಪ್ರಶ್ನೆ ಹೊಳೆಯಲಿಲ್ಲ. ಹೊಳೆದದ್ದು ಇಪ್ಪತ್ತು ವರ್ಷ ಆದ ಮೇಲೆ, ಕಂಪನಿ ಬಸ್ಸಿನಲ್ಲಿ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕಿಕೊಂಡು ಫೋನಿನಲ್ಲಿ 'ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್' ಓದುತ್ತಿದ್ದಾಗ.

ಈ ಕತೆ ಓದದವರಿಗೂ ಗೊತ್ತು. ಒಬ್ಬ ಒಳ್ಳೆಯ ಡಾಕ್ಟರ್, ಒಂದು ಔಷಧ, ಕುಡಿದ ತಕ್ಷಣ ಒಳಗಿನ ಕೆಟ್ಟವನು ಹೊರಗೆ ಬರುತ್ತಾನೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಪುಸ್ತಕದಲ್ಲಿ ಇರೋದು ಅದಲ್ಲ. ಅದಕ್ಕಿಂತ ಇರಿಸುಮುರಿಸಿನ ಮಾತೊಂದು ಅಲ್ಲಿದೆ. ಅದು ಏನು ಅಂತ ಗೊತ್ತಾಗಬೇಕಾದರೆ ಗೋಥಿಕ್ ಕಾದಂಬರಿ ಹುಟ್ಟಿದ ದಿನದಿಂದ ಶುರು ಮಾಡಬೇಕು.

ಅಲ್ಲಿ, ಆಗ, ಅವರು

1764ರ ಡಿಸೆಂಬರ್ 24ರಂದು ಲಂಡನ್ನಿನಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಅನ್ನೋ ಪುಸ್ತಕ ಮಾರಾಟಕ್ಕೆ ಬಂತು. ಇಟಾಲಿಯನ್ ಮೂಲದ ಲೇಖಕ ಒನುಫ್ರಿಯೊ ಮುರಾಲ್ಟೊ, ಇಂಗ್ಲಿಷಿಗೆ ತಂದವನು ವಿಲಿಯಂ ಮಾರ್ಷಲ್ ಅಂತ ಮುಖಪುಟ ಹೇಳುತ್ತಿತ್ತು. ಇಂಗ್ಲೆಂಡಿನ ಉತ್ತರದ ಒಂದು ಹಳೇ ಕ್ಯಾಥೊಲಿಕ್ ಮನೆತನದ ಗ್ರಂಥಾಲಯದಲ್ಲಿ ಸಿಕ್ಕ ಪ್ರತಿ, ನೇಪಲ್ಸ್‌ನಲ್ಲಿ 1529ರಲ್ಲಿ ಅಚ್ಚಾದದ್ದು ಅಂತ ಮುನ್ನುಡಿ ಹೇಳುತ್ತಿತ್ತು.

ಎಲ್ಲಾ ಬುರುಡೆ. ಮುರಾಲ್ಟೊನೂ ಇಲ್ಲ, ಮಾರ್ಷಲ್ಲೂ ಇಲ್ಲ. ಬರೆದವನು ಹೊರೇಸ್ ವಾಲ್‌ಪೋಲ್. ಪಾರ್ಲಿಮೆಂಟ್ ಸದಸ್ಯ. ಬ್ರಿಟನ್ನಿನ ಮೊದಲ ಪ್ರಧಾನಿ ಅಂತ ಕರೆಸಿಕೊಳ್ಳೋ ರಾಬರ್ಟ್ ವಾಲ್‌ಪೋಲನ ಮಗ. ಇಂಥ ಮನೆತನದವನು ದೆವ್ವದ ಕತೆ ಬರೆದ ಅಂದರೆ ಜನ ನಗಲ್ವಾ? ಅದಕ್ಕೇ ಮುಖವಾಡ. ಪುಸ್ತಕ ಚೆನ್ನಾಗಿ ಓಡಿದ ಮೇಲೆ, 1765ರ ಎರಡನೇ ಮುದ್ರಣದಲ್ಲಿ, "ನಾನೇ ಬರೆದಿದ್ದು" ಅಂತ ಒಪ್ಪಿಕೊಂಡ. ಹೆಸರಿನ ಜತೆಗೆ 'ಒಂದು ಗೋಥಿಕ್ ಕತೆ' ಅನ್ನೋ ಅಡಿಸಾಲು ಸೇರಿಸಿದ. ಈ ಜಾತಿಯ ಕತೆಗಳಿಗೆ ಹೆಸರು ಬಂದಿದ್ದು ಅಲ್ಲಿಂದ. ಅಂದರೆ ಮನುಷ್ಯನ ಎರಡು ಮುಖದ ಬಗ್ಗೆ ಮಾತಾಡೋ ಸಾಹಿತ್ಯ ಶುರುವಾಗಿದ್ದೇ ಒಂದು ಫೇಕ್ ಅಕೌಂಟಿನಿಂದ.

ಆದರೆ ಆ ಪುಸ್ತಕದ ಒಳಗೆ ಕೆಡುಕು ಇನ್ನೂ ಸುಲಭವಾಗಿತ್ತು. ಮ್ಯಾನ್‌ಫ್ರೆಡ್ ಅನ್ನೋ ದೊರೆ ಇದ್ದಾನೆ. ಅವನ ತಾತ ನಿಜವಾದ ಒಡೆಯನಿಗೆ ವಿಷ ಹಾಕಿ ಕೋಟೆ ಹೊಡೆದುಕೊಂಡಿದ್ದ. ಮದುವೆಯ ದಿನವೇ ಮಗನ ಮೇಲೆ ಒಂದು ದೈತ್ಯ ಶಿರಸ್ತ್ರಾಣ ಬಿದ್ದು ಮಗ ಸಾಯುತ್ತಾನೆ. ಸೊಸೆಯಾಗಬೇಕಾಗಿದ್ದ ಹುಡುಗಿಯನ್ನು ತಾನೇ ಮದುವೆಯಾಗೋಕೆ ಮ್ಯಾನ್‌ಫ್ರೆಡ್ ಹೊರಡುತ್ತಾನೆ. ಓದುವವನಿಗೆ ಒಂದು ಕ್ಷಣವೂ ಗೊಂದಲ ಇಲ್ಲ. ನಮ್ಮೂರಿನ ಪೌರಾಣಿಕ ನಾಟಕದಲ್ಲಿ ದುರ್ಯೋಧನ ಮೀಸೆ ತಿರುವಿ ಬರುವಾಗ ಮಕ್ಕಳಿಗೂ ಗೊತ್ತಾಗುತ್ತಿತ್ತಲ್ಲ, ಹಾಗೆ. 1794ರಲ್ಲಿ ಆ್ಯನ್ ರ‍್ಯಾಡ್‌ಕ್ಲಿಫ್ ಬರೆದ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ'ದಲ್ಲೂ ಇದೇ ಲೆಕ್ಕ: ಇಟಲಿ, ಬೆಟ್ಟದ ಮೇಲೆ ಕೋಟೆ, ಅಲ್ಲೊಬ್ಬ ದುಷ್ಟ. ಇಂಗ್ಲಿಷ್ ಓದುಗ ಬೆಂಕಿ ಮುಂದೆ ಟೀ ಕುಡಿಯುತ್ತಾ ಹೆದರಬಹುದಿತ್ತು. ಯಾಕಂದರೆ ಕೆಡುಕು ಅಲ್ಲಿ ಇತ್ತು, ಆಗ ಇತ್ತು, ಅವರಲ್ಲಿ ಇತ್ತು.

ಒಳ್ಳೆಯವನ ಹಮ್ಮು

ಈ ನೆಮ್ಮದಿಗೆ ಮೊದಲು ಕಲ್ಲು ಹೊಡೆದವನು ಮ್ಯಾಥ್ಯೂ ಲೂಯಿಸ್. 1796ರಲ್ಲಿ 'ದಿ ಮಂಕ್' ಬಂದಾಗ ಅವನಿಗೆ ಬರೀ 20 ವರ್ಷ. ಕತೆ ದೂರದ ಮ್ಯಾಡ್ರಿಡ್‌ನಲ್ಲೇ ನಡೆಯುತ್ತೆ, ನಿಜ. ಆದರೆ ಕೆಟ್ಟವನು ಕೋಟೆಯ ದೊರೆಯಲ್ಲ. ಊರೇ ಕೈಮುಗಿಯೋ ಸನ್ಯಾಸಿ ಆ್ಯಂಬ್ರೋಸಿಯೊ. ಅವನ ಪ್ರವಚನಕ್ಕೆ ಚರ್ಚಿನಲ್ಲಿ ಜಾಗ ಸಿಗಲ್ಲ. ಅವನ ಬೀಳು ಶುರುವಾಗೋದು ಆಸೆಯಿಂದಲ್ಲ, ತನ್ನಷ್ಟು ಶುದ್ಧ ಇನ್ಯಾರೂ ಇಲ್ಲ ಅನ್ನೋ ಹಮ್ಮಿನಿಂದ. ಕೊನೆಗೆ ಅವನು ಮಾಡೋ ಅತ್ಯಾಚಾರ, ಕೊಲೆಗಳನ್ನು ಓದಿದವರು ಬೆಚ್ಚಿಬಿದ್ದರು.

ಇನ್ನೂ ಬೆಚ್ಚಿದ್ದು ಎರಡನೇ ಮುದ್ರಣ ಬಂದಾಗ. ಮೊದಲ ಸಲ ಮುಖಪುಟದಲ್ಲಿ ಹೆಸರು ಹಾಕದ ಲೂಯಿಸ್, ಈಗ ಹೆಸರಿನ ಮುಂದೆ 'ಎಂ.ಪಿ.' ಅಂತಲೂ ಹಾಕಿಸಿದ್ದ. ಅಷ್ಟರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದ. ಕಾನೂನು ಮಾಡೋನೇ ಇಂಥದ್ದು ಬರೆಯೋದಾ ಅಂತ ಕವಿ ಕೋಲ್‌ರಿಜ್ ಕಿಡಿಕಾರಿ ವಿಮರ್ಶೆ ಬರೆದ. ಒತ್ತಡ ತಾಳಲಾರದೆ 1798ರಲ್ಲಿ ಲೂಯಿಸ್ ತಾನೇ ಕತ್ತರಿ ಹಾಕಿದ ಆವೃತ್ತಿ ತಂದ.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ. 1812ರಲ್ಲಿ ಅಪ್ಪ ಸತ್ತ ಮೇಲೆ ಲೂಯಿಸ್‌ಗೆ ಜಮೈಕಾದಲ್ಲಿ ಎರಡು ತೋಟ ಬಂತು, ಅದರ ಜತೆ ನೂರಾರು ಗುಲಾಮರೂ ಬಂದರು. ಅವನು ಎರಡು ಸಲ ಹೋಗಿ ನೋಡಿದ, ಮರುಗಿದ, ತನ್ನ ತೋಟದಲ್ಲಿ ಚಾಟಿ ನಿಲ್ಲಿಸಿದ. ಆದರೆ ಅವರನ್ನು ಬಿಡುಗಡೆ ಮಾಡಲಿಲ್ಲ. 1818ರಲ್ಲಿ ಎರಡನೇ ಸಲ ಹೋಗಿ ವಾಪಸ್ ಬರುವಾಗ ಹಡಗಿನಲ್ಲೇ ತೀರಿಕೊಂಡ. ಕಲ್ಪನೆಯ ಸನ್ಯಾಸಿಯೊಬ್ಬನ ಪಾಪ ಬರೆದದ್ದಕ್ಕೆ ಅವನ ಮರ್ಯಾದೆ ಹೋಗಿತ್ತು. ನಿಜವಾದ ಮನುಷ್ಯರನ್ನು ಆಸ್ತಿ ಅಂತ ಇಟ್ಟುಕೊಂಡಿದ್ದಕ್ಕೆ ಕಾನೂನು ಏನೂ ಅನ್ನುತ್ತಿರಲಿಲ್ಲ. ಬ್ರಿಟಿಷ್ ಕಾಲೊನಿಗಳಲ್ಲಿ ಗುಲಾಮಗಿರಿ ರದ್ದು ಮಾಡೋ ಕಾಯ್ದೆ ಬಂದದ್ದೇ 1833ರಲ್ಲಿ.

ಲೂಯಿಸ್ ಸತ್ತ ವರ್ಷವೇ, 1818ರ ಜನವರಿ 1ರಂದು, 'ಫ್ರ್ಯಾಂಕನ್‌ಸ್ಟೈನ್' ಬಂತು. ಅದಕ್ಕೂ ಲೇಖಕಿಯ ಹೆಸರಿಲ್ಲ. ಮೇರಿ ಶೆಲ್ಲಿ ಅದನ್ನು ಬರೆಯಲು ಕೂತದ್ದು 1816ರಲ್ಲಿ, 18ನೇ ವಯಸ್ಸಿನಲ್ಲಿ, ಜಿನೀವಾ ಸರೋವರದ ಪಕ್ಕ. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಯುರೋಪಿನಲ್ಲಿ ಆ ವರ್ಷ ಬೇಸಿಗೆಯೇ ಬಂದಿರಲಿಲ್ಲ. ಮಳೆಯಲ್ಲಿ ಹೊರಗೆ ಹೋಗಲಾಗದ ಗೆಳೆಯರು ದೆವ್ವದ ಕತೆ ಬರೆಯೋ ಪಂದ್ಯ ಕಟ್ಟಿದ್ದರು.

ಆ ಕಾದಂಬರಿಯಲ್ಲಿ ನನಗೆ ತುಂಬಾ ಕಾಡೋದು ರಾಕ್ಷಸನಲ್ಲ, ಜಸ್ಟೀನ್ ಅನ್ನೋ ಕೆಲಸದ ಹುಡುಗಿ. ವಿಕ್ಟರ್ ಫ್ರ್ಯಾಂಕನ್‌ಸ್ಟೈನ್‌ನ ಪುಟ್ಟ ತಮ್ಮನನ್ನು ಕೊಂದದ್ದು ವಿಕ್ಟರ್ ಸೃಷ್ಟಿಸಿದ ಜೀವಿ. ಆರೋಪ ಬಂದದ್ದು ಜಸ್ಟೀನ್ ಮೇಲೆ. ವಿಕ್ಟರ್‌ಗೆ ನಿಜ ಗೊತ್ತು. ಬಾಯಿ ಬಿಟ್ಟರೆ ಹುಚ್ಚ ಅನ್ನುತ್ತಾರೆ ಅಂತ ಸುಮ್ಮನಿರುತ್ತಾನೆ. ಹುಡುಗಿಯನ್ನು ಗಲ್ಲಿಗೆ ಹಾಕುತ್ತಾರೆ. ಆಮೇಲೆ ವಿಕ್ಟರ್ ಪುಟಗಟ್ಟಲೆ ದುಃಖಪಡುತ್ತಾನೆ. ಆ ಜೀವಿಗೆ ಮೇರಿ ಹೆಸರೇ ಇಡಲಿಲ್ಲ. 1823ರಲ್ಲಿ ಮೊದಲ ನಾಟಕ ಆದಾಗ ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಕಾಲ ಕಳೆದ ಹಾಗೆ ಜನ ರಾಕ್ಷಸನನ್ನೇ ಫ್ರ್ಯಾಂಕನ್‌ಸ್ಟೈನ್ ಅಂತ ಕರೆಯೋಕೆ ಶುರು ಮಾಡಿದರು. ತಪ್ಪು ಅಂತ ತಿದ್ದೋರು ಇದ್ದಾರೆ. ನನಗಂತೂ ಜನ ತಿಳಿಯದೇ ಸರಿಯಾದದ್ದನ್ನು ಹೇಳಿದರು ಅನ್ನಿಸುತ್ತೆ.

ಆರು ವರ್ಷದ ಮೇಲೆ, 1824ರಲ್ಲಿ, ಸ್ಕಾಟ್ಲೆಂಡಿನ ಜೇಮ್ಸ್ ಹಾಗ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಹಾಗ್ ಕುರಿ ಕಾಯುತ್ತಿದ್ದವನು, ಶಾಲೆಗೆ ಹೋದದ್ದು ಕೆಲವೇ ತಿಂಗಳು. ಅವನ 'ಜಸ್ಟಿಫೈಡ್ ಸಿನ್ನರ್' ಕಾದಂಬರಿಯ ರಾಬರ್ಟ್ ರಿಂಗಿಮ್‌ಗೆ ಒಂದು ಗಟ್ಟಿ ನಂಬಿಕೆ: ಸ್ವರ್ಗಕ್ಕೆ ಹೋಗೋರ ಪಟ್ಟಿಯನ್ನು ದೇವರು ಮೊದಲೇ ಮಾಡಿಟ್ಟಿದ್ದಾನೆ, ಅದರಲ್ಲಿ ನನ್ನ ಹೆಸರಿದೆ. ಹಾಗಿದ್ದ ಮೇಲೆ ಏನು ಮಾಡಿದರೂ ಪಾಪ ಅಂಟಲ್ಲ. ಈ ನಂಬಿಕೆ ಸಿಕ್ಕ ದಿನವೇ ಅವನಿಗೆ ಒಬ್ಬ ಅಪರಿಚಿತ ಗೆಳೆಯ ಸಿಗುತ್ತಾನೆ. ಆ ಗೆಳೆಯ ನೋಡೋಕೆ ಥೇಟ್ ರಾಬರ್ಟ್ ಥರವೇ. ಅವನ ಮಾತು ಕೇಳುತ್ತಾ ರಾಬರ್ಟ್ ಕೊಲೆ ಮಾಡುತ್ತಾ ಹೋಗುತ್ತಾನೆ. ಆ ಗೆಳೆಯ ಸೈತಾನನೋ, ರಾಬರ್ಟ್‌ನ ತಲೆಯೊಳಗಿನ ದನಿಯೋ, ಹಾಗ್ ಹೇಳಲ್ಲ. ಈ ಪುಸ್ತಕದ ಮೇಲೂ ಲೇಖಕನ ಹೆಸರಿರಲಿಲ್ಲ.

ಕೆಡುಕು ಈಗ ಇಟಲಿಯ ಕೋಟೆಯಿಂದ ಎಡಿನ್‌ಬರೋ ಊರಿನ ಒಳಗೆ ಬಂದಿತ್ತು.

ಎರಡು ಊರು, ಎರಡು ಬಾಗಿಲು

ಎಡಿನ್‌ಬರೋ ಆ ಕಾಲಕ್ಕೆ ಒಂದೇ ಹೆಸರಿನ ಎರಡು ಊರು. ಹಳೇ ಊರು ಗುಡ್ಡದ ಬೆನ್ನಿನ ಮೇಲೆ, ಒತ್ತೊತ್ತಾಗಿ ಎತ್ತರದ ಮನೆಗಳು, ಇಕ್ಕಟ್ಟು ಸಂದಿಗಳು. 1767ರಲ್ಲಿ ಜೇಮ್ಸ್ ಕ್ರೇಗ್ ಅನ್ನೋ ಯುವಕನ ನಕ್ಷೆಗೆ ಒಪ್ಪಿಗೆ ಸಿಕ್ಕಿ, ಕಣಿವೆಯ ಆಚೆ ಹೊಸ ಊರು ಎದ್ದಿತು. ನೇರ ಬೀದಿ, ಚೌಕಗಳು, ಸಾಲು ಮನೆ. ದುಡ್ಡಿದ್ದವರು ಸೇತುವೆ ದಾಟಿ ಆಚೆ ಹೋದರು, ಬಡವರು ಈಚೆ ಉಳಿದರು. ಕತ್ತಲಾದ ಮೇಲೆ ಆಚೆಯ ಕೆಲವರು ಈಚೆಗೆ ಬಂದು ಹೋಗುತ್ತಿದ್ದರು.

ಈ ಹಳೇ ಊರಿನಲ್ಲೇ ಇದ್ದ ವಿಲಿಯಂ ಬ್ರೋಡಿ. ಒಳ್ಳೆಯ ಬಡಗಿ, ಬಡಗಿಗಳ ಸಂಘದ ಮುಖ್ಯಸ್ಥ. ಆ ಹುದ್ದೆಗೆ ಡೀಕನ್ ಅಂತಾರೆ. ನಗರಸಭೆಯಲ್ಲೂ ಸ್ಥಾನ. ದೊಡ್ಡವರ ಮನೆಗಳಿಗೆ ಬೀರು ಮಾಡೋನು, ಬೀಗ ಕೂರಿಸೋನೂ ಅವನೇ. ಅಂಗಡಿ, ಮನೆಗಳ ಬೀಗದ ಕೈ ಬಾಗಿಲ ಹಿಂದೆ ನೇತುಹಾಕಿರುತ್ತಿದ್ದರು. ಬ್ರೋಡಿ ಅದನ್ನು ಪುಟ್ಟಿಯಲ್ಲಿ ಒತ್ತಿ ಅಚ್ಚು ತೆಗೆದುಕೊಳ್ಳೋನು, ರಾತ್ರಿ ಬಂದು ಕನ್ನ ಹಾಕೋನು. ಜೂಜು, ಕೋಳಿಪಂದ್ಯ, ಇಬ್ಬರು ಪ್ರೇಯಸಿಯರು, ಐದು ಮಕ್ಕಳು, ಎಲ್ಲದಕ್ಕೂ ದುಡ್ಡು ಬೇಕಿತ್ತು. ಬೆಳಗ್ಗೆ ಕಳ್ಳತನ ಆದ ಮನೆಯವರು ಬೀಗ ರಿಪೇರಿಗೆ ಬಡಗಿಯನ್ನು ಕರೆಸಬೇಕು ಅಂದರೆ ಬ್ರೋಡಿಯನ್ನೇ ಕರೆಸೋ ಪರಿಸ್ಥಿತಿ.

1788ರ ಮಾರ್ಚ್‌ನಲ್ಲಿ ಅವನ ತಂಡ ಅಬಕಾರಿ ಕಚೇರಿಗೆ ನುಗ್ಗಿತು. ಸಿಕ್ಕಿದ್ದು ಬರೀ 16 ಪೌಂಡ್ ಚಿಲ್ಲರೆ. ತಂಡದವನೊಬ್ಬ ಬಾಯಿ ಬಿಟ್ಟ. ಬ್ರೋಡಿ ಆ್ಯಮ್‌ಸ್ಟರ್‌ಡ್ಯಾಮ್‌ಗೆ ಓಡಿಹೋದ, ಅಲ್ಲಿ ಸಿಕ್ಕಿಬಿದ್ದ, ಅಕ್ಟೋಬರ್ 1ರಂದು ಅವನನ್ನು ಗಲ್ಲಿಗೆ ಹಾಕಿದರು. ಆ ಗಲ್ಲಿನ ಮರವನ್ನು ಅವನೇ ಮಾಡಿದ್ದ ಅಂತ ಊರವರು ಕತೆ ಕಟ್ಟಿದರು. ಅದು ಕಟ್ಟುಕತೆ, ಆದರೆ ಯಾಕೆ ಕಟ್ಟಿದರು ಅಂತ ಅರ್ಥ ಆಗುತ್ತೆ.

40 ವರ್ಷ ಆದ ಮೇಲೆ ಅದೇ ಊರಲ್ಲಿ ಇನ್ನೊಂದು ಬಾಗಿಲು ಸುದ್ದಿಯಾಯಿತು. ಡಾಕ್ಟರ್ ರಾಬರ್ಟ್ ನಾಕ್ಸ್ ಅಂದರೆ ಅಂಗರಚನಾ ಶಾಸ್ತ್ರದ ದೊಡ್ಡ ಮೇಷ್ಟ್ರು. ಅವರ ಪಾಠಕ್ಕೆ ಸುಮಾರು 500 ವಿದ್ಯಾರ್ಥಿಗಳು. ಕುಯ್ದು ತೋರಿಸೋಕೆ ಹೆಣ ಬೇಕು, ಕಾನೂನು ಕೊಡುತ್ತಿದ್ದದ್ದು ಗಲ್ಲಿಗೇರಿದವರ ಹೆಣ, ಅದು ಸಾಲುತ್ತಿರಲಿಲ್ಲ. ಬರ್ಕ್ ಮತ್ತು ಹೇರ್ ಅನ್ನೋ ಇಬ್ಬರು ಮೊದಲು ತಮ್ಮ ಬಾಡಿಗೆ ಮನೆಯಲ್ಲಿ ಸಹಜವಾಗಿ ಸತ್ತ ಮುದುಕನ ಹೆಣವನ್ನು 7 ಪೌಂಡ್ 10 ಶಿಲಿಂಗ್‌ಗೆ ಮಾರಿದರು. ಇಷ್ಟು ಸಲೀಸಾ ಅನ್ನಿಸಿ, 1828ರಲ್ಲಿ 16 ಜನರನ್ನು ಕೊಂದು ಮಾರಿದರು. ಬರ್ಕ್‌ನನ್ನು 1829ರ ಜನವರಿ 28ರಂದು ಗಲ್ಲಿಗೆ ಹಾಕಿದರು. ಸಾಕ್ಷಿ ಹೇಳಿದ ಹೇರ್ ಬಿಡುಗಡೆಯಾದ. ನಾಕ್ಸ್ ಮೇಲೆ ಮೊಕದ್ದಮೆಯೇ ಆಗಲಿಲ್ಲ. ಹೆಣ ಎಲ್ಲಿಂದ ಬಂತು ಅಂತ ಕೇಳದೇ ಇರೋದು ಅಪರಾಧವಾಗಿರಲಿಲ್ಲ.

ನಾವು ಬರ್ಕ್ ಮತ್ತು ಹೇರ್ ಅನ್ನು ರಾಕ್ಷಸರು ಅಂತೀವಿ, ಸರಿ. ಆದರೆ ಆ ವ್ಯಾಪಾರಕ್ಕೆ ಬೆಲೆ ಇಟ್ಟದ್ದು ವಿದ್ಯೆ, ವಿಜ್ಞಾನ, ಮರ್ಯಾದೆ ಎಲ್ಲಾ ಇದ್ದ ಒಂದು ಮನೆ. ಮುಂಬಾಗಿಲಿನಲ್ಲಿ ವಿದ್ಯಾರ್ಥಿಗಳು, ಹಿಂದಿನಿಂದ ರಾತ್ರಿ ಹೊತ್ತು ಪೆಟ್ಟಿಗೆ.

ಇಂಜಿನಿಯರಿಂಗ್ ಬಿಟ್ಟ ಹುಡುಗ

1850ರಲ್ಲಿ ಇದೇ ಎಡಿನ್‌ಬರೋದಲ್ಲಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ಹುಟ್ಟಿದ. ಅಪ್ಪ, ತಾತ, ದೊಡ್ಡಪ್ಪ ಎಲ್ಲರೂ ದೀಪಸ್ತಂಭ ಕಟ್ಟೋ ಇಂಜಿನಿಯರ್‌ಗಳು. ಇವನೂ 1867ರಲ್ಲಿ ಯೂನಿವರ್ಸಿಟಿಗೆ ಸೇರಿದ್ದು ಇಂಜಿನಿಯರಿಂಗ್ ಓದೋಕೆ. 1871ರಲ್ಲಿ ಅಪ್ಪನಿಗೆ "ನನ್ನ ಕೈಲಿ ಆಗಲ್ಲ" ಅಂತ ಹೇಳಿ ಕಾನೂನು ಓದಿದ, ವಕೀಲಿಕೆ ಮಾಡದೆ ಕತೆ ಬರೆದ. (ನನ್ನ ಜತೆ ಬಿ.ಇ. ಓದಿದ ಎಷ್ಟೋ ಜನರ ಕನಸು ಇದು, ಬಿಡಿ.)

ಬೆಳೆದ ಮನೆ ಹೊಸ ಊರಿನ ಹೆರಿಯಟ್ ರೋನಲ್ಲಿ. ದೇವರ ಭಯದ ಮನೆ. ಕಾಯಿಲೆಯ ಮಗುವಿಗೆ ದಾದಿ ನರಕದ ಕತೆ ಹೇಳಿ ಮಲಗಿಸುತ್ತಿದ್ದಳು. ಅವನ ಕೋಣೆಯಲ್ಲಿ ಒಂದು ಮರದ ಬೀರು ಇತ್ತು. ಮಾಡಿದ್ದು ಯಾರು ಗೊತ್ತಾ? ಡೀಕನ್ ಬ್ರೋಡಿ. ಆ ಬೀರು ಈಗಲೂ ಎಡಿನ್‌ಬರೋದ ರೈಟರ್ಸ್ ಮ್ಯೂಸಿಯಂನಲ್ಲಿದೆ. ಹರೆಯಕ್ಕೆ ಬಂದ ಸ್ಟೀವನ್‌ಸನ್ ಅದೇ ಸೇತುವೆ ದಾಟಿ ಹಳೇ ಊರಿನ ಹೆಂಡದಂಗಡಿಗಳಲ್ಲಿ ಕೂರುತ್ತಿದ್ದ. ಎರಡೂ ಊರಿನ ಗಾಳಿ ಕುಡಿದವನು. ಗೆಳೆಯ ಹೆನ್ಲಿ ಜತೆ ಸೇರಿ ಬ್ರೋಡಿ ಮೇಲೆ ನಾಟಕ ಬರೆದ, ನಾಕ್ಸ್ ಪ್ರಕರಣದ ನೆರಳಲ್ಲಿ 1884ರಲ್ಲಿ 'ದಿ ಬಾಡಿ ಸ್ನ್ಯಾಚರ್' ಕತೆ ಬರೆದ.

1885ರ ಕೊನೆಯಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಕಾಯಿಲೆ ಮಲಗಿದ್ದಾಗ ಒಂದು ರಾತ್ರಿ ಕನಸಿನಲ್ಲಿ ಚೀರಿಕೊಂಡ. ಹೆಂಡತಿ ಫ್ಯಾನಿ ಎಬ್ಬಿಸಿದರೆ, ಒಳ್ಳೆ ಕತೆ ನಡೀತಿತ್ತು ಯಾಕೆ ಎಬ್ಬಿಸಿದೆ ಅಂತ ಬೈದ. ಮಲಮಗ ಲಾಯ್ಡ್ ಆಸ್‌ಬೋರ್ನ್ ಬರೆದಿಟ್ಟಿರೋ ಪ್ರಕಾರ ಮೂರು ದಿನದಲ್ಲಿ ಮೊದಲ ಪ್ರತಿ ಮುಗೀತು. ಫ್ಯಾನಿ ಓದಿ, ಇದು ಬರೀ ಹೆದರಿಸೋ ಕತೆ ಆಯ್ತು, ಒಳಗಿನ ಅರ್ಥ ತಪ್ಪಿಹೋಯ್ತು ಅಂದರು. ಜಗಳ ಆಯ್ತು. ಸ್ಟೀವನ್‌ಸನ್ ಇಡೀ ಹಸ್ತಪ್ರತಿಯನ್ನು ಬೆಂಕಿಗೆ ಹಾಕಿ ಮತ್ತೆ ಮೊದಲಿಂದ ಬರೆದ. ಕೋಡ್ ರಿವ್ಯೂ ಅಂದರೆ ಇದು. 1886ರ ಜನವರಿಯಲ್ಲಿ ಪುಸ್ತಕ ಬಂತು. ಆರು ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸುಮಾರು 40,000 ಪ್ರತಿ ಖರ್ಚಾಯಿತು.

ಕತೆ ನಡೆಯೋದು ಲಂಡನ್ನಿನಲ್ಲಿ. ಆದರೂ ಅಲ್ಲಿ ಕಾಣೋದು ಎಡಿನ್‌ಬರೋ ಅಂತ ಚೆಸ್ಟರ್‌ಟನ್ ಮೊದಲಾದವರು ಹೇಳಿದ್ದಾರೆ. ಜೆಕಿಲ್‌ನ ಮನೆಗೆ ಎರಡು ಬಾಗಿಲು. ತಲೆಬಾಗಿಲು ಚೆಂದದ ಚೌಕಕ್ಕೆ ತೆರೆಯುತ್ತೆ, ಸೇವಕ ಬಂದು ಕೋಟು ತೆಗೆದುಕೊಳ್ಳುತ್ತಾನೆ. ಹಿಂದಿನ ಬಾಗಿಲು ಸಂದಿಗೆ ತೆರೆಯುತ್ತೆ. ಗಂಟೆ ಇಲ್ಲ, ಬಡಿಯೋ ಬಳೆ ಇಲ್ಲ, ಬಣ್ಣ ಗುಳ್ಳೆ ಎದ್ದಿದೆ. ಆ ಭಾಗ ಹಿಂದೆ ಒಬ್ಬ ಸರ್ಜನ್ ಹೆಣ ಕುಯ್ಯುತ್ತಿದ್ದ ಜಾಗ. ಎರಡೂ ಒಂದೇ ಮನೆಯ ಬಾಗಿಲು ಅಂತ ಬೀದಿಯಲ್ಲಿ ಓಡಾಡೋರಿಗೆ ತಕ್ಷಣ ಗೊತ್ತಾಗೋದೇ ಇಲ್ಲ. ಜೆಕಿಲ್ ತಲೆಬಾಗಿಲಿನಿಂದ ಬರುತ್ತಾನೆ, ಹೈಡ್ ಹಿತ್ತಿಲ ಬಾಗಿಲಿನಿಂದ.

ಈಗ ಆ ಇರಿಸುಮುರಿಸಿನ ಮಾತಿಗೆ ಬರೋಣ. ಕೊನೆಯ ಅಧ್ಯಾಯದಲ್ಲಿ ಜೆಕಿಲ್ ತಾನೇ ಎಲ್ಲಾ ಬರೆದಿಡುತ್ತಾನೆ. ಅವನು ಹೇಳೋದು ಕೇಳಿ. ಅವನಿಗೆ ಮೊದಲಿಂದ ಕೆಲವು ಚಟ ಇತ್ತು. ಬೇರೆಯವರಾಗಿದ್ದರೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಇವನಿಗೆ ಜನರ ಮುಂದೆ ತಲೆ ಎತ್ತಿ ನಡೆಯಬೇಕು ಅನ್ನೋ ಆಸೆ ವಿಪರೀತ, ಅದಕ್ಕೇ ಮುಚ್ಚಿಟ್ಟ. ಆಮೇಲೆ ಔಷಧ ಕಂಡುಹಿಡಿದ. ಆ ಔಷಧ ಕುಡಿದಾಗ ಪೂರ್ತಿ ಕೆಟ್ಟವನಾದ ಹೈಡ್ ಹುಟ್ಟಿದ. ಆದರೆ ಪೂರ್ತಿ ಒಳ್ಳೆಯವನು ಹುಟ್ಟಲಿಲ್ಲ. ಜೆಕಿಲ್ ಮುಂಚೆ ಹೇಗಿದ್ದನೋ ಹಾಗೇ ಉಳಿದ, ಒಳ್ಳೇದು ಕೆಟ್ಟದ್ದು ಎರಡೂ ಕಲಸಿದ ಮನುಷ್ಯ. ಔಷಧಕ್ಕೆ ಒಳ್ಳೇದು ಕೆಟ್ಟದ್ದು ಗೊತ್ತಿಲ್ಲ, ಅದು ಬಾಗಿಲು ತೆಗೆಯಿತು ಅಷ್ಟೇ. ಆ ಕ್ಷಣದಲ್ಲಿ ಅವನ ಒಳಗೆ ಯಾವುದು ಬಾಗಿಲ ಹತ್ತಿರ ಕಾಯುತ್ತಾ ನಿಂತಿತ್ತೋ ಅದು ಹೊರಗೆ ಬಂತು.

ಅಂದರೆ ಹೈಡ್ ಒಳ್ಳೆಯ ಡಾಕ್ಟರನ್ನು ಹಿಡಿದುಕೊಂಡ ದೆವ್ವ ಅಲ್ಲ. ಒಳ್ಳೆಯ ಡಾಕ್ಟರಿಗೆ ಸಿಕ್ಕ ಸೌಲಭ್ಯ. ಹೈಡ್‌ಗೆ ಬೇರೆ ಮನೆ ಮಾಡಿಕೊಟ್ಟವನು ಜೆಕಿಲ್. ಬ್ಯಾಂಕ್ ಖಾತೆ ತೆರೆದುಕೊಟ್ಟವನು, ಸಹಿಯ ಓರೆ ಬದಲಿಸಿ ಕೊಟ್ಟವನು ಜೆಕಿಲ್. ಹೈಡ್ ಒಂದು ಪುಟ್ಟ ಹುಡುಗಿಯನ್ನು ತುಳಿದು ಹೋದಾಗ ಅವಳ ಮನೆಯವರಿಗೆ ಕೊಟ್ಟ 100 ಪೌಂಡ್‌ನಲ್ಲಿ 10 ನಗದು, ಉಳಿದದ್ದಕ್ಕೆ ಚೆಕ್, ಸಹಿ ಜೆಕಿಲ್‌ನದು. ಇಷ್ಟಾದ ಮೇಲೂ ಬರೆಯುವಾಗ ಜೆಕಿಲ್‌ಗೆ 'ನಾನು' ಅನ್ನೋಕೆ ಬಾಯಿ ಬರಲ್ಲ. ಹೈಡ್ ಮಾಡಿದ್ದನ್ನು ಎಷ್ಟೋ ಕಡೆ 'ಅವನು ಮಾಡಿದ' ಅಂತ ಬರೆಯುತ್ತಾನೆ.

ಅವ್ನು ಒಳ್ಳೇವ್ನೇ ಕಣವ್ವ. ಕುಡಿದಾಗ ಅವ್ನು ಅವ್ನಲ್ಲ.

ಔಷಧ ಕೊನೆಗೆ ಕೈಕೊಡೋದು ಹೇಗೆ ಅನ್ನೋದೂ ನಮ್ಮ ಕಸುಬಿನವರಿಗೆ ಅರ್ಥವಾಗೋ ವಿಷಯ. ಮೊದಲು ತಂದಿದ್ದ ಒಂದು ಉಪ್ಪು ಖಾಲಿಯಾಗುತ್ತೆ. ಹೊಸದು ತರಿಸಿದರೆ ಕೆಲಸ ಮಾಡಲ್ಲ. ಲಂಡನ್ನಿನ ಅಂಗಡಿಗಳನ್ನೆಲ್ಲ ಜಾಲಾಡಿದ ಮೇಲೆ ಜೆಕಿಲ್‌ಗೆ ಹೊಳೆಯುತ್ತೆ: ಮೊದಲನೇ ಉಪ್ಪಿನಲ್ಲೇ ಏನೋ ಕಲಬೆರಕೆ ಇತ್ತು, ಕೆಲಸ ಮಾಡಿದ್ದು ಅದೇ. ಏನು ಅಂತ ಅವನಿಗೂ ಗೊತ್ತಿಲ್ಲ. ನನ್ನ ಮಷೀನಲ್ಲಿ ಓಡ್ತಿತ್ತು ಸಾರ್ ಅನ್ನೋ ಕತೆಯೇ. ರೋಲ್‌ಬ್ಯಾಕ್ ಮಾಡೋಕೆ ದಾರಿ ಇಲ್ಲದೆ ಪ್ರೊಡಕ್ಷನ್‌ಗೆ ಬಿಟ್ಟಿದ್ದ.

ಜನ ಕೇಳಿಸಿಕೊಂಡದ್ದು ಬೇರೆ

ಪುಸ್ತಕ ಬಂದ ಮರುವರ್ಷವೇ ನಾಟಕ ಆಯಿತು. ನಟ ರಿಚರ್ಡ್ ಮ್ಯಾನ್ಸ್‌ಫೀಲ್ಡ್ 1887ರಲ್ಲಿ ಬಾಸ್ಟನ್‌ನಲ್ಲಿ ಎರಡೂ ಪಾತ್ರ ಮಾಡಿದ. ಪುಸ್ತಕದಲ್ಲಿ ಇಲ್ಲದ ಒಬ್ಬ ಪ್ರೇಯಸಿಯನ್ನು ಜೆಕಿಲ್‌ಗೆ ತಂದುಕೊಟ್ಟರು. ಜೆಕಿಲ್ ಸಂಭಾವಿತ ನಾಯಕನಾದ, ಹೈಡ್ ಕಾಮದ ಪಿಶಾಚಿಯಾದ. ಸ್ಟೀವನ್‌ಸನ್ ಇದಕ್ಕೆ ರೇಗಿ 1887ರ ನವೆಂಬರ್‌ನಲ್ಲಿ ಒಬ್ಬರಿಗೆ ಪತ್ರ ಬರೆದ. ಹೈಡ್ ಹೆಣ್ಣುಬಾಕ ಅಲ್ಲ, ಕೆಡುಕು ಇದ್ದದ್ದು ಜೆಕಿಲ್‌ನಲ್ಲಿ, ಅವನು ಕಪಟಿಯಾಗಿದ್ದರಿಂದ ಅನ್ನೋದು ಆ ಪತ್ರದ ಸಾರ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಟಕ ಗೆದ್ದಿತು. ಆಮೇಲೆ ಬಂದ ಸಿನಿಮಾಗಳು ನಾಟಕದ ದಾರಿಯನ್ನೇ ಹಿಡಿದವು. 1931ರ ಸಿನಿಮಾದಲ್ಲಿ ಹೈಡ್‌ಗೆ ಕೋತಿಯ ಮುಖ ಹಾಕಿದರು, ಆ ಪಾತ್ರಕ್ಕೆ ಫ್ರೆಡ್ರಿಕ್ ಮಾರ್ಚ್‌ಗೆ ಆಸ್ಕರ್ ಬಂತು.

ಮ್ಯಾನ್ಸ್‌ಫೀಲ್ಡ್‌ನ ನಾಟಕ 1888ರ ಆಗಸ್ಟ್‌ನಲ್ಲಿ ಲಂಡನ್ನಿಗೆ ಬಂತು. ಅದೇ ತಿಂಗಳ ಕೊನೆಯಲ್ಲಿ ವೈಟ್‌ಚಾಪೆಲ್‌ನಲ್ಲಿ ಹೆಂಗಸರ ಕೊಲೆ ಶುರುವಾಯಿತು. ಜ್ಯಾಕ್ ದಿ ರಿಪ್ಪರ್ ಅಂತ ಆಮೇಲೆ ಹೆಸರಾದ ಕೊಲೆಗಾರ. ನಾಟಕ ನೋಡಿದವನೊಬ್ಬ ಪೊಲೀಸರಿಗೆ ಪತ್ರ ಬರೆದ: ವೇದಿಕೆ ಮೇಲೆ ಇಷ್ಟು ಚೆನ್ನಾಗಿ ಬದಲಾಗೋ ಈ ನಟನೇ ಕೊಲೆಗಾರ ಇರಬೇಕು! ನಗು ಬರುತ್ತೆ. ಆದರೆ ಆ ಪತ್ರ ಬರೆದವನ ಮನಸ್ಸು ನನಗೆ ಗೊತ್ತು. ಕೊಲೆಗಾರನಿಗೆ ಬೇರೆ ಮುಖ ಇರಬೇಕು ಅಂತ ಅವನ ಆಸೆ. ಬಣ್ಣ ಬಳಿದುಕೊಳ್ಳದೆ, ಬೆಳಗ್ಗೆ ಕೆಲಸಕ್ಕೆ ಹೋಗೋ ಮಾಮೂಲಿ ಮನುಷ್ಯ ಅಂತ ಒಪ್ಪಿಕೊಳ್ಳೋದು ಕಷ್ಟ.

ನನ್ನ ಕತೆ

ಇಷ್ಟೆಲ್ಲ ಹೇಳಿ ನನ್ನದನ್ನು ಹೇಳದೇ ಹೋದರೆ ನಾನೂ ಹಿತ್ತಿಲ ಬಾಗಿಲಿನಿಂದ ಜಾರಿಕೊಂಡ ಹಾಗೆ.

ನಾನು ಶನಿವಾರಗಳಲ್ಲಿ ಹಳ್ಳಿ ಕಡೆಯ ಕಾಲೇಜು ಹುಡುಗರಿಗೆ ಇಂಟರ್‌ವ್ಯೂ ತಯಾರಿ ಮಾಡಿಸುತ್ತೇನೆ. ಯಾಕಂದರೆ ಮೊದಲ ಸೆಮಿಸ್ಟರಿನ ಸೆಮಿನಾರಿನಲ್ಲಿ 'ಡೆವಲಪ್‌ಮೆಂಟ್' ಅನ್ನೋ ಪದವನ್ನು ನಾನು ಒತ್ತಬಾರದ ಕಡೆ ಒತ್ತಿ ಹೇಳಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಆ ನಗು ಇನ್ನೂ ಕಿವಿಯಲ್ಲಿದೆ. ಆಫೀಸಿನಲ್ಲಿ ಎಲ್ಲರಿಗೂ ನನ್ನ ಶನಿವಾರಗಳ ಬಗ್ಗೆ ಗೊತ್ತು. ನಾನೇ ಗೊತ್ತಾಗೋ ಹಾಗೆ ನೋಡಿಕೊಂಡಿದ್ದೇನೆ.

ಎರಡು ವರ್ಷ ನನ್ನ ಹತ್ತಿರ ಇನ್ನೊಂದು ಅಕೌಂಟ್ ಇತ್ತು. ಹೆಸರಿಲ್ಲ, ಫೋಟೊ ಇಲ್ಲ. ರಿಲೀಸ್ ಮುಗಿದ ರಾತ್ರಿಗಳಲ್ಲಿ, ಮ್ಯಾನೇಜರ್ ಮೇಲಿನ ಸಿಟ್ಟು ಇಳಿಯದಿದ್ದಾಗ ಅದನ್ನು ತೆಗೆಯುತ್ತಿದ್ದೆ. ಒಂದು ರಾತ್ರಿ ಯಾವನೋ ಹುಡುಗ ಕೆಲಸ ಹುಡುಕೋಕೆ ಸಲಹೆ ಕೇಳಿ ಪೋಸ್ಟ್ ಹಾಕಿದ್ದ. ಇಂಗ್ಲಿಷ್ ಪೂರ್ತಿ ತಪ್ಪು. ನಾನು ಅದರ ಸ್ಕ್ರೀನ್‌ಶಾಟ್ ತೆಗೆದು, ಒಂದೊಂದು ತಪ್ಪಿಗೂ ಕೆಂಪು ಗುಂಡು ಹಾಕಿ, ಕೆಳಗೆ ಒಂದು ಜೋಕ್ ಬರೆದು ಹಾಕಿದೆ. ಬೆಳಗಾಗೋದರೊಳಗೆ ನೂರಾರು ಲೈಕ್. ಬೆಳಗ್ಗೆ ಹುಡುಗನ ಪೋಸ್ಟ್ ಇರಲಿಲ್ಲ, ಅವನ ಅಕೌಂಟೂ ಇರಲಿಲ್ಲ. ಅವತ್ತು ಶನಿವಾರ. ನಾನು ಸ್ನಾನ ಮಾಡಿ ಪಾಠಕ್ಕೆ ಹೋದೆ.

ಎಷ್ಟೋ ತಿಂಗಳಾದ ಮೇಲೆ ಹೆಂಡತಿಗೆ ಹೇಳಿದೆ. "ಆ ಅಕೌಂಟ್ ಇತ್ತಲ್ಲ, ಅದು ಏನೇನೋ ಬರೀತಿತ್ತು" ಅಂದೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. "ಅಕೌಂಟ್ ಬರೀತಿತ್ತಾ? ನೀನು ಬರೀತಿದ್ಯಾ?"

ಅಕೌಂಟ್ ಡಿಲೀಟ್ ಮಾಡಿದೆ. ಆ ಹುಡುಗನನ್ನು ಹುಡುಕಿದೆ, ಸಿಗಲಿಲ್ಲ. ಜೆಕಿಲ್ ಕೂಡ ಹೈಡ್‌ನಿಂದ ಕೊಲೆಯಾದ ಮೇಲೆ ಹಿತ್ತಿಲ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಕಾಲಲ್ಲಿ ತುಳಿದು ಮುರಿಯುತ್ತಾನೆ. ಬಡವರಿಗೆ ಸಹಾಯ ಮಾಡುತ್ತಾ ಕೆಲವು ತಿಂಗಳು ಕಳೆಯುತ್ತಾನೆ. ಒಂದು ದಿನ ಪಾರ್ಕಿನ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಾ ಕೂತಿರುತ್ತಾನೆ. ಬೇರೆಯವರು ಯಾರಿಗೂ ಏನೂ ಮಾಡಲ್ಲ, ನಾನು ಎಷ್ಟು ಮಾಡುತ್ತಿದ್ದೇನೆ ಅಂತ ಒಂದು ಕ್ಷಣ ಹೆಮ್ಮೆ ಪಡುತ್ತಾನೆ. ಸರಿಯಾಗಿ ಆಗಲೇ, ಔಷಧ ಇಲ್ಲದೆಯೇ, ಅವನ ಕೈ ಹೈಡ್‌ನ ಕೈ ಆಗುತ್ತೆ.

ಇದನ್ನು ಬರೆದು ಮುಗಿಸಿದಾಗ ನನಗೂ ಸ್ವಲ್ಪ ಹಗುರ ಅನ್ನಿಸಿತು. ಎಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡೆ ನೋಡು ಅಂತ. ಆಗ ಆ ಪಾರ್ಕಿನ ಬೆಂಚು ನೆನಪಾಯಿತು. ಅಕೌಂಟ್ ಹೋಗಿದೆ ನಿಜ. ಅದನ್ನು ಮಾಡೋಕೆ ಬಳಸಿದ್ದ ಇಮೇಲ್ ಐಡಿ ಮಾತ್ರ ಇನ್ನೂ ಇದೆ. ಅದರ ಪಾಸ್‌ವರ್ಡ್ ನನಗೆ ಬಾಯಿಪಾಠ.